ಕಾರು ಹತ್ತದ ಕಲ್ಲುಹಾಸು

ಮನೆಯಿಂದ,
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೆ? ಆ ಆಸ್ಪತ್ರೆಯ ಅಂಗಳಕ್ಕೆ ಕಲ್ಲು ಹಾಸುವ ಕೆಲಸ ಮುಗಿಯುತ್ತಾ ಬಂತೆ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನಿಮ್ಮ ಅಪ್ಪನ ಜೊತೆ ಏಗಿ ಏಗಿ ಸಾಕುಸಾಕಾಗಿದೆ.

ಹೊರಡುವ ದಿನ ಗೇಟಿನಿಂದ ಬಾಗಿಲವರೆಗೆ ಕಲ್ಲು ಹಾಸಿ ಮುಗಿಸಿ, ಕೈ ತೊಳೆಯುತ್ತಾ ನೀವೊಂದು ಮಾತು ಹೇಳಿದಿರಿ: "ನಾನು ಹೇಳೋವರೆಗೂ ಇದರ ಮೇಲೆ ಕಾರು ಹತ್ತಿಸಬೇಡಿ." ಸಂದಿನ ಗಾರೆ ಗಟ್ಟಿಯಾಗಲಿ ಎಂದು ಹೇಳಿದ್ದೆಂದು ನನಗೆ ಗೊತ್ತು. ಆದರೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಎಲ್ಲಿಯವರೆಗೆ ಎಂದು ಹೇಳದೆ ಹೋದಿರಿ. ಮಾವನೋ ಜೀವನವಿಡೀ ರೈಲ್ವೆ ಗೇಟು ಕಾಯ್ದವರು. ಸಿಗ್ನಲ್ ಬರದೆ ಗೇಟು ತೆಗೆಯುವ ಆಸಾಮಿಯೇ ಅಲ್ಲ. ಗಾರೆ ಒಣಗಿ ತಿಂಗಳುಗಳೇ ಕಳೆದವು, ಕಾರು ಇನ್ನೂ ಬೀದಿಯಲ್ಲೇ ನಿಂತಿದೆ. ಮೊನ್ನೆ ಫೋನಿನಲ್ಲಿ ನೀವು "ಹತ್ತಿಸು, ಏನೂ ಆಗಲ್ಲ" ಎಂದದ್ದನ್ನು ಹೇಳಿದೆ. "ಬಾಯಿಮಾತಿಗೆಲ್ಲ ಗೇಟು ತೆಗಿಯೋಕಾಗಲ್ಲಮ್ಮ" ಎಂದುಬಿಟ್ಟರು.

ನಾನು ಚೀಲ ಹೊತ್ತು ಬರುವುದು ಹಾಗಿರಲಿ, ಅತ್ತೆಯ ಗತಿ ನೋಡಿ. ಮಂಡಿಯ ಆಪರೇಷನ್ ಆದ ಮೇಲೆ ವ್ಯಾಯಾಮಕ್ಕೆ ಕರೆದೊಯ್ಯಬೇಕಲ್ಲ. ಬೀದಿಯಲ್ಲಿ ಇಳಿದು ವಾಕರ್ ಹಿಡಿದು ಬಾಗಿಲು ಮುಟ್ಟುವಷ್ಟರಲ್ಲಿ ಮುಖ ಬಿಳಿಚಿಕೊಳ್ಳುತ್ತದೆ. ತಿಂಗಳಿಂದ "ಬೇಡ ಬಿಡಮ್ಮ, ಹೀಗೇ ಇರ್ತೀನಿ" ಎಂದು ಹೋಗುವುದನ್ನೇ ನಿಲ್ಲಿಸಿದ್ದಾರೆ. ಹೀಗೇ ಬಿಟ್ಟರೆ ಮಂಡಿ ಮಡಚಲಿಕ್ಕೇ ಬರುವುದಿಲ್ಲ ಎಂದು ವ್ಯಾಯಾಮ ಮಾಡಿಸುವವಳು ಎಚ್ಚರಿಸಿದಳು. ಅದನ್ನು ಮಾವನಿಗೆ ಹೇಳಿದರೆ ಗೋಡೆಗೆ ಹೇಳಿದಂತೆ.

ನಿಮ್ಮ ಮೇಲೂ ಸಿಟ್ಟಿದೆ. ಕಲ್ಲು ತರುವ ಮೊದಲು ನನ್ನ ತಲೆ ಕೊರೆದದ್ದು ಕಡಿಮೆಯೆ? ಕಾಂಕ್ರೀಟು ಬಿರುಕು ಬಿಡುತ್ತದೆ, ಟೈಲ್ಸ್ ಬಣ್ಣಗೆಡುತ್ತದೆ, ಕಲ್ಲಾದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅಡಿಯ ನೆಲ ಗಟ್ಟಿಯಿದ್ದು ಕಲ್ಲು ದಪ್ಪವಿದ್ದರೆ ಲಾರಿ ಹೋದರೂ ಅಲ್ಲಾಡುವುದಿಲ್ಲ. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಆರಿಸಿದಿರಿ. ತೆಳ್ಳಗಿದೆ ಎಂದು ಒಂದನ್ನು ಪಕ್ಕಕ್ಕೆ ಎಸೆದಾಗ "ಒಳ್ಳೆ ಕಲ್ಲು ದಂಡ ಆಯ್ತಲ್ಲೋ" ಎಂದು ಮಾವ ದಿನವಿಡೀ ಗೊಣಗಿದರು. ಅಷ್ಟು ಗಟ್ಟಿ ಕಲ್ಲಿನ ಮೇಲೆ ಈಗ ಗುಬ್ಬಿಗಳು ಓಡಾಡುತ್ತಿವೆ. ಮಾವ ಬೆಳಗ್ಗೆ ಎದ್ದು ಅದನ್ನು ಗುಡಿಸಿ, ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಮಗಾಗಿ ಕಲ್ಲು ಹಾಸಿದ್ದೋ, ಕಲ್ಲು ಕಾಯಲು ನಾವಿದ್ದೇವೋ ತಿಳಿಯದಾಗಿದೆ.

ದಯವಿಟ್ಟು ಅವರಿಗೊಂದು ಸಾಲು ಬರೆದು, ಸಹಿ ಹಾಕಿ ಕಳಿಸಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಾವ "ಕಲ್ಲು ಚೆನ್ನಾಗಿದೆ ಅಂತ ಬರಿ" ಎಂದರು. ಬರೆದಿದ್ದೇನೆ.

ಇಂತಿ,
ಬೀದಿಗೂ ಬಾಗಿಲಿಗೂ ನಡೆದು ಸುಸ್ತಾದ
ನಿಮ್ಮವಳು

ವಿ.ಸೂ.: ಅಂಚೆಗೆ ಹಾಕುವ ಮೊದಲೇ ಇದೂ ನಡೆದುಹೋಯಿತು. ಸಂಜೆ ಅತ್ತೆಯನ್ನು ಬಲವಂತವಾಗಿ ವ್ಯಾಯಾಮಕ್ಕೆ ಕರೆದೊಯ್ದಿದ್ದೆ. ವಾಪಸ್ಸು ಬಂದು ಬೀದಿಯಲ್ಲಿ ನಿಲ್ಲಿಸಿದರೆ ಅವರು ಇಳಿಯಲೇ ಇಲ್ಲ. "ಗೇಟು ತೆಗೀರಿ, ನಾನು ಹೇಳ್ತಿದೀನಿ" ಎಂದರು. ಮಾವ ತೆಗೆದರು. ಕಾರು ಬಾಗಿಲವರೆಗೂ ಹೋಯಿತು. ಒಡೆದದ್ದು ಒಂದೇ ಕಲ್ಲು, ಗೇಟಿನ ಪಕ್ಕದ್ದು. ಅದು ನೀವು ಎಸೆದಿದ್ದ ತೆಳ್ಳನೆಯದು. ಕಲ್ಲು ಹಾಸುವ ದಿನ ನೀವು ಊಟಕ್ಕೆ ಒಳಗೆ ಹೋಗಿದ್ದಾಗ ಮಾವ ಅದನ್ನು ತಂದು, ಅದರಡಿ ಮರಳು ಸುರಿದು ಮಟ್ಟ ಮಾಡಿ ಕೂರಿಸಿದ್ದರಂತೆ. ಸಿಗ್ನಲ್ಲೂ ಇಲ್ಲ ಮಣ್ಣೂ ಇಲ್ಲ. ಇಷ್ಟು ದಿನ ಕಾರು ತಡೆದದ್ದು, ಅದು ಒಡೆದರೆ ನಿಮಗೆ ಗೊತ್ತಾಗುತ್ತದೆಂಬ ಹೆದರಿಕೆಗೆ, ಅಷ್ಟೆ. "ಅವನಿಗೆ ಬರೀಬೇಡಮ್ಮ" ಎಂದು ನನ್ನನ್ನು ಬೇಡಿಕೊಂಡರು. ಅತ್ತೆಗೆ ಕೇಳಿಸಿತು. ವಾಕರ್ ಊರಿ ನಿಂತು, "ಆ ಕಲ್ಲಿಗೋಸ್ಕರ ನನ್ನ ಕಾಲು ಕಳೆದ್ರಾ?" ಎಂದರು. ಬೇಗ ಬನ್ನಿ. ಕಲ್ಲು ಬದಲಾಯಿಸುವುದು ನಿಮಗೆ ಅರ್ಧ ದಿನದ ಕೆಲಸ. ಅತ್ತೆಯ ಮಂಡಿ ಇವತ್ತು ಮಡಚಲಿಲ್ಲ.