ಕೊನೆಯ ಹಾಡು ಅಲ್ಲಿಗೇ ನಿಲ್ಲಲಿ

ಭಾನುವಾರ ಬೆಳಿಗ್ಗೆ
ಲಾಂಡ್ರಿಯ ಹಿಂದಿನ ಕೋಣೆಯಿಂದ

ಮೂರು ತಂತಿಯ ಮಹಾಶಯನಿಗೆ,

ನೀನು ಕಳಿಸಿದ ಲಕೋಟೆ ಸೇರಿತು. ಒಪ್ಪಿಗೆ ಪತ್ರವನ್ನು ಸಹಿ ಹಾಕದೆ ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಇಷ್ಟು ಓದಿ ಹರಿದು ಹಾಕಬೇಕೆನಿಸಿದರೆ ಹಾಕು. ಆದರೆ ನಿನ್ನನ್ನು ನಾನು ಬಲ್ಲೆ. ಹೊಗಳಿಕೆಯ ಕಾಗದವನ್ನು ಅರ್ಧಕ್ಕೇ ಬಿಡುತ್ತೀಯ, ಬೈಗುಳದ್ದಾದರೆ ಕೊನೆಯ ಸಾಲಿನವರೆಗೂ ಓದುತ್ತೀಯ.

ನೀನು ಬರೆದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ನಾಲ್ಕು ಪುಟ ತಡಕಾಡಿದ ಮೇಲೆ ವಿಷಯ ಸಿಕ್ಕಿತು. ನಾವು ಗಂಡ ಹೆಂಡತಿಯಾಗಿದ್ದಾಗ ಮಾಡಿದ ಒಂದೇ ಒಂದು ಆಲ್ಬಮ್, ನಮ್ಮ ‘ಹಿಂಡಿದಷ್ಟೂ’, ಒಂದು ಕಂಪನಿಯ ಮೂಲಕ ಹೊಸದಾಗಿ ಬರುತ್ತದಂತೆ. ಬರುವ ಮೊದಲು ಅದನ್ನು ಸರಿಪಡಿಸಬೇಕಂತೆ. ವಾಷಿಂಗ್ ಮಷಿನ್ನಿನ ಗದ್ದಲ ಅಳಿಸಬೇಕು, ನನ್ನ ಒಡಕು ದನಿ ತೆಗೆದು ನಾನೇ ಬಂದು ನಯವಾಗಿ ಹಾಡಬೇಕು, ನಾನು ಬಾರದಿದ್ದರೆ ಯಾರೋ ಹೊಸ ಹುಡುಗಿ ಹಾಡುತ್ತಾಳೆ, ಕೊನೆಯ ಹಾಡು ಪೂರ್ತಿ ಕೇಳಿಸಬೇಕು. ಇಷ್ಟು ಸಾಲದೆಂದು ‘ಯೌವನದ ಹುಂಬತನಕ್ಕೊಂದು ಕ್ಷಮಾಪಣೆ’ ಎಂದು ಹೊರಗೆ ಅಚ್ಚು ಹಾಕಿಸುತ್ತೀಯಂತೆ. ಹುಂಬತನ ನಿನ್ನದಾದರೆ ನೀನು ಕೇಳಿಕೋ ಕ್ಷಮೆ. ನನ್ನ ಪರವಾಗಿ ಕೇಳಲು ನಿನಗೆ ಯಾರು ಹೇಳಿದ್ದು?

ಪಂಕ್ ಸಂಗೀತ ಎಂದರೆ ಎರಡು ನಿಮಿಷದ ಹಾಡು, ಒಂದು ಗಿಟಾರು, ಒಂದು ಕೂಗು ಎಂದು ಆಗ ಎಲ್ಲರೂ ನಂಬಿದ್ದರು. ನಿನಗೆ ಅಷ್ಟು ಸಾಲಲಿಲ್ಲ. ಅದು ನಿನ್ನ ದೊಡ್ಡತನ, ಈಗಲೂ ಒಪ್ಪುತ್ತೇನೆ. ಕೂಗಿನ ಬೆನ್ನಿಗೇ ಜೋಗುಳ ತಂದೆ. ಬೀದಿ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ ಮುದುಕನನ್ನು ಕರೆತಂದು ನಿನ್ನ ಮೂರು ತಂತಿಯ ಗಿಟಾರಿನ ಪಕ್ಕ ಕೂರಿಸಿದೆ. ಹಳೇ ನಾಟಕದ ಹಾಡಿನ ಧಾಟಿಯಲ್ಲಿ ನನ್ನಿಂದ ಬೈಗುಳ ಹಾಡಿಸಿದೆ. ನಾನು ಕೆಲಸಕ್ಕಿದ್ದ ಇದೇ ಲಾಂಡ್ರಿಯಲ್ಲಿ, ರಜೆಯ ದಿನ, ದೊಡ್ಡ ಮಷಿನ್ನಿಗೆ ಒದ್ದೆ ಹೊದಿಕೆ ತುಂಬಿ ತಿರುಗಿಸಿ ಅದರ ಸದ್ದಿಗೆ ಡ್ರಮ್ ಹೊಡೆಸಿದೆ. ಹೊದಿಕೆಗಳೆಲ್ಲ ಒಂದೇ ಕಡೆ ಮುದ್ದೆಯಾದಾಗ ಮಷಿನ್ ಎಡವುತ್ತಿತ್ತು, ನಮ್ಮ ಡ್ರಮ್ಮಿನ ಡುಮ್ಮ ಬೆವರೊರೆಸಿಕೊಳ್ಳುತ್ತ ಅದರ ಹಿಂದೆ ಓಡುತ್ತಿದ್ದ. ಆ ಓಟವೇ ಐದನೆಯ ಹಾಡಿನ ಜೀವ. ಅದನ್ನು ಗದ್ದಲ ಅನ್ನುತ್ತೀಯಲ್ಲ.

ಆಲ್ಬಮ್ ಹೊರಬಂದಾಗ ಅದರ ಗತಿ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಜೋಗುಳ ಯಾಕೆ ಹಾಡಿದಿರಿ ಎಂದು ಪಂಕ್ ಹುಡುಗರು ಉಗಿದರು, ಕಿರುಚಿದ್ದು ಯಾಕೆ ಎಂದು ದೊಡ್ಡವರು ಉಗಿದರು. ಪತ್ರಿಕೆಯವನೊಬ್ಬ ‘ಎತ್ತು ಏರಿಗೆ, ಕೋಣ ನೀರಿಗೆ, ನಡುವೆ ಒಂದು ಕಾಗೆ’ ಎಂದು ಬರೆದ. ನೀನು ಊಟ ಬಿಟ್ಟು ಮಲಗಿದೆ. ನಾನು ಮಾತ್ರ ಕಾಗೆ ಎಂಬ ಹೆಸರನ್ನೇ ಇಟ್ಟುಕೊಂಡೆ. ಈಗ ಗುರುತಿದ್ದವರೆಲ್ಲ ನನ್ನನ್ನು ಕಾಗಕ್ಕ ಎಂದೇ ಕರೆಯುವುದು.

ಆಮೇಲೆ ಆದದ್ದು ನಿನಗೆ ಗೊತ್ತಿಲ್ಲ. ನೀನು ಮನೆ ಬಿಟ್ಟು, ಊರು ಬಿಟ್ಟು, ಜಾಹೀರಾತಿಗೆ ಸಂಗೀತ ಮಾಡುತ್ತ ಹೆಸರು ಗಳಿಸುತ್ತಿದ್ದೆ. ಅಂಗಡಿಯಲ್ಲಿ ಯಾರೂ ಕೊಳ್ಳದ ಆಲ್ಬಮ್ ಇಲ್ಲಿ ಕೈಯಿಂದ ಕೈಗೆ ಹೋಯಿತು. ಒಬ್ಬರ ಕ್ಯಾಸೆಟ್ಟಿನಿಂದ ಇನ್ನೊಬ್ಬರು ನಕಲು ಮಾಡಿಕೊಂಡರು. ನಿನ್ನ ಆಲ್ಬಮ್ ಉದ್ದ, ಅಂಗಡಿಯ ಖಾಲಿ ಕ್ಯಾಸೆಟ್ ಗಿಡ್ಡ. ಕೊನೆಯ ಹಾಡಿನ ಕೊನೆಯ ಸಾಲು ಬರುವ ಹೊತ್ತಿಗೆ ಟೇಪ್ ಮುಗಿಯುತ್ತಿತ್ತು. ‘ಬಾಗಿಲು ಹಾಕಿದರೆ ಹಾಕಲಿ, ನಾನು’ ಎನ್ನುತ್ತಿದ್ದಂತೆ ಟಕ್ ಎಂದು ನಿಲ್ಲುತ್ತಿತ್ತು. ಅದರ ಮುಂದೆ ನೀನು ಬರೆದ ‘ಹೊರಗೇ ಕಾಯುತ್ತೇನೆ’ ಎಂಬುದು ಹೆಚ್ಚು ಕಡಿಮೆ ಯಾರಿಗೂ ತಲುಪಲಿಲ್ಲ.

ಅವರಿಗೆ ಅದು ಅರ್ಧ ಹಾಡು ಅನಿಸಲೇ ಇಲ್ಲ. ವರ್ಷಕ್ಕೊಮ್ಮೆ ಇಲ್ಲಿನ ಒಂದು ಡ್ರೈವಿಂಗ್ ಸ್ಕೂಲಿನ ಶೆಡ್ಡಿನಲ್ಲಿ ಸೇರುತ್ತಾರೆ, ಯಾರೂ ಕರೆಯುವುದಿಲ್ಲ, ತಾವಾಗಿ ಬರುತ್ತಾರೆ. ಕಾರುಗಳನ್ನು ಹೊರಗೆ ತಳ್ಳಿ, ಮೊದಲಿನಿಂದ ಎಲ್ಲ ಹಾಡನ್ನೂ ಹಾಡುತ್ತಾರೆ, ಮಷಿನ್ನಿನ ಎಡವುವಿಕೆಯನ್ನೂ ನೆಲಕ್ಕೆ ಕಾಲು ಬಡಿದು ನುಡಿಸುತ್ತಾರೆ. ಕೊನೆಗೆ ‘ನಾನು’ ಎಂದು ನಿಲ್ಲಿಸಿ, ಚಪ್ಪಾಳೆ ತಟ್ಟದೆ, ಚೀಲ ಎತ್ತಿಕೊಂಡು ಮನೆಗೆ ಹೊರಡುತ್ತಾರೆ. ಅದರ ಮುಂದಿನದು ಅವರವರ ಪಾಡು.

ಆಸ್ಪತ್ರೆಯ ಬಟ್ಟೆ ಗಾಡಿ ಓಡಿಸುವ ಡ್ರೈವರಮ್ಮ ಒಬ್ಬಳಿದ್ದಾಳೆ. ಗಾಡಿ ಕಲಿತಳೆಂದು ಅಣ್ಣ ಅವಳನ್ನು ಹೊರಗೆ ಹಾಕಿ ಚಿಲಕ ಹಾಕಿಕೊಂಡಿದ್ದನಂತೆ. ಅವತ್ತು ಅವಳ ಚೀಲದಲ್ಲಿ ಇದ್ದದ್ದು ಎರಡು ಜೊತೆ ಬಟ್ಟೆ ಮತ್ತು ನಮ್ಮ ಕ್ಯಾಸೆಟ್. ‘ಆ ಸಾಲು ಮುಗ್ದಿದ್ರೆ ನಾನು ಇವತ್ತೂ ಅವನ ಬಾಗ್ಲಲ್ಲೇ ಕೂತಿರ್ತಿದ್ದೆ ಕಾಗಕ್ಕ, ನಿಂತುಬಿಡ್ತಲ್ಲ, ಮುಂದಿಂದು ನಾನೇ ಮಾಡ್ಕೋಬೇಕಾಯ್ತು’ ಅಂದಳು. ಹಲ್ಲಿನ ಡಾಕ್ಟರೊಬ್ಬ ಹಲ್ಲು ಕೀಳುವಾಗ ಮೊದಲ ಹಾಡು ಹಾಕುತ್ತಾನಂತೆ, ರೋಗಿ ಕಿರುಚಿದರೂ ಹೊರಗೆ ಕೂತವರಿಗೆ ಅದು ನಾನೇ ಅನಿಸುತ್ತದಂತೆ. ನಗಬೇಡ, ಅವನ ಕಣ್ಣಲ್ಲಿ ನೀರಿತ್ತು ಇದನ್ನು ಹೇಳುವಾಗ. ಅವನ ಅಮ್ಮ ಹೋದ ಮೇಲೆ ನಮ್ಮ ಜೋಗುಳ ಕೇಳದೆ ಅವನು ಮಲಗಿದ್ದಿಲ್ಲ.

ಹೋದ ತಿಂಗಳು ಕಂಪನಿಯವರು ಇಂಥವರನ್ನೇ ಹುಡುಕಿ ಕರೆದು ಹೊಸದರ ಮಾದರಿ ಕೇಳಿಸಿದರಲ್ಲ, ಅಲ್ಲಿ ನಡೆದದ್ದನ್ನು ನೀನು ಬರೆದಿಲ್ಲ. ಡ್ರೈವರಮ್ಮ ಹೇಳಿದಳು. ‘ನಾನು’ ಎಂದು ಬಂದ ಕೂಡಲೇ ಅಷ್ಟೂ ಜನ ಎದ್ದು ಚೀಲ ಎತ್ತಿಕೊಂಡರಂತೆ. ಹಾಡು ಪಾಪ ತನ್ನ ಪಾಡಿಗೆ ಹೊರಗೇ ಕಾಯುತ್ತೇನೆ, ಕಾಯುತ್ತೇನೆ ಎನ್ನುತ್ತಿತ್ತು, ಇವರು ಚಪ್ಪಲಿ ಹುಡುಕುತ್ತಿದ್ದರು. ನೀನು ಹಿಂದಿನಿಂದ ‘ಇನ್ನೂ ಮುಗ್ದಿಲ್ಲ, ಕೂತ್ಕೊಳ್ಳಿ’ ಎಂದು ಕೂಗಿದೆಯಂತೆ. ‘ನಮಗೆ ಮುಗೀತು ಸಾರ್’ ಅಂದನಂತೆ ಒಬ್ಬ ಹಿರಿಯ.

ಅದಕ್ಕೇ ತಾನೆ ‘ಅವರಿಗೆ ಸಂಗೀತ ತಿಳಿಯದು’ ಎಂದು ಬರೆದದ್ದು? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಿನ್ನ ವಿಷಯದಲ್ಲಿ ಗಾದೆಯೂ ತಿರುವುಮುರುವು. ಊರಿಗೆಲ್ಲ ಮುದ್ದಾದ ಹೆಗ್ಗಣ ಹೆತ್ತವನಿಗೆ ಮಾತ್ರ ಬೇಡವಾಗಿದೆ. ನೀನು ನಾಚಿಕೊಳ್ಳುತ್ತಿದ್ದ ಅಷ್ಟೂ ವರ್ಷ ಅದನ್ನು ಸಾಕಿದವರು ಅವರು. ಟೇಪ್ ಕಡಿದರೆ ಅಂಟಿಸಿ, ಮಕ್ಕಳಿಗೆ ಕಲಿಸಿ, ಸಾಕಿದ್ದಾರೆ. ಸಹಿ ಹಾಕದೆ ನಾನು ನಿಂತಿರುವುದು ಅವರ ಪರವಾಗಿ, ನಿನ್ನ ಪರವಾಗಿ ಅಲ್ಲ.

ಆ ಕೊನೆಯ ಸಾಲಿಗಾಗಿ ನಾವು ಜಗಳವಾಡಿದ್ದು ನಿನಗೆ ಮರೆತಿರಲಾರದು. ಕಾಯುವುದೇ ಪ್ರೀತಿ ಎಂದು ನೀನು ಪಟ್ಟು ಹಿಡಿದೆ, ನಾನು ಮೂಗು ಮುರಿಯುತ್ತಲೇ ಹಾಡಿದೆ. ಬರೆದವನು ಹೋದ, ಹಾಡಿದವಳು ಕಾದಳು. ಹೌದು, ಕಾದೆ. ಮಗಳನ್ನು ಇಸ್ತ್ರಿ ಮೇಜಿನ ಕೆಳಗೆ ಮಲಗಿಸಿ, ಹೊರಗೆ ಯಾವ ಸ್ಕೂಟರ್ ನಿಂತರೂ ಕತ್ತು ಚಾಚುತ್ತಿದ್ದೆ. ನಿನ್ನ ಮೇಲೆ ಅಷ್ಟು ಪ್ರೀತಿಯಿತ್ತು. ಒಂದು ದಿನ ಗಿರಾಕಿಯೊಬ್ಬರು ನಮ್ಮ ಕ್ಯಾಸೆಟ್ ಹಾಕಿದರು, ಅದು ಟಕ್ ಎಂದು ನಿಂತಿತು, ನಾನು ಇಸ್ತ್ರಿಯನ್ನು ಮುಂದುವರಿಸಿದೆ. ಅವತ್ತಿನಿಂದ ಕಾದಿಲ್ಲ. ಈಗ ಈ ಲಾಂಡ್ರಿ ನನ್ನದು, ಮಷಿನ್ನೂ ನನ್ನದು, ಇನ್ನೂ ಎಡವುತ್ತದೆ.

ಆದ್ದರಿಂದ ಕೇಳು. ಕ್ಷಮಾಪಣೆ ಅಳಿಸಿ, ಮಷಿನ್ ಇಟ್ಟು, ಕಾಗೆಯನ್ನು ಕಾಗೆಯಾಗಿಯೇ ಬಿಟ್ಟು, ಕೊನೆಯ ಹಾಡನ್ನು ‘ನಾನು’ ಎಂಬಲ್ಲಿಗೇ ನಿಲ್ಲಿಸಿ ತರುವುದಾದರೆ ಸಹಿ ಮಾಡುತ್ತೇನೆ. ಇಲ್ಲವಾದರೆ ನಿನ್ನ ಕಂಪನಿ, ಅದರ ವಕೀಲ, ನೀನು, ಯಾರು ಬೇಕಾದರೂ ಬನ್ನಿ, ನಾನು ಇಲ್ಲೇ ಇರುತ್ತೇನೆ. ಮತ್ತೆ ಹಾಡಲು ಮಾತ್ರ ಬರುವುದಿಲ್ಲ. ಯಾಕೆ ಎಂದು ಮಗಳನ್ನು ಪೀಡಿಸಬೇಡ, ಅವಳಿಂದ ಆಣೆ ಮಾಡಿಸಿಕೊಂಡಿದ್ದೇನೆ.

ಯಾರ ಬಾಗಿಲಲ್ಲೂ ಕೂರದ,
ಕಾಗೆ

ಮತ್ತೊಂದು ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಅಷ್ಟು ಸೊಕ್ಕು ಎಂದು ಬರೆದಿದ್ದೀಯ. ಸೊಕ್ಕು ಇದೆ, ಆದರೆ ಕಾರಣ ಅದಲ್ಲ. ಹೋದ ವರ್ಷ ನನ್ನ ಗಂಟಲಿನ ಆಪರೇಷನ್ ಆಯಿತು, ಗಡ್ಡೆಯ ಜೊತೆ ದನಿಯೂ ಹೋಯಿತು. ಈಗ ಗಿರಾಕಿಗಳ ಜೊತೆ ಸ್ಲೇಟಿನಲ್ಲಿ ಬರೆದೇ ಜಗಳವಾಡುತ್ತೇನೆ. ಅಯ್ಯೋ ಅನ್ನಬೇಡ, ಓಡಿ ಬರಬೇಡ, ಆರಾಮವಾಗಿದ್ದೇನೆ. ಶೆಡ್ಡಿಗೂ ಹೋಗಿದ್ದೆ, ನನ್ನ ಸಾಲು ಬಂದಾಗ ಬಾಯಿ ತೆರೆದೆ, ಏನೂ ಬರಲಿಲ್ಲ, ಅಷ್ಟೂ ಜನ ನನ್ನ ಒಡಕು ದನಿಯಲ್ಲೇ ಹಾಡಿದರು. ನಿನ್ನ ಹೊಸ ಹುಡುಗಿ ಚೆನ್ನಾಗಿಯೇ ಹಾಡುತ್ತಿರಬಹುದು. ಆದರೆ ನನಗೆ ನಿನ್ನ ಮೇಲೆ ಸಿಟ್ಟು ಬಂದಾಗ, ಅದು ಈಗಲೂ ಬರುತ್ತದೆ, ಮೂರನೆಯ ಹಾಡು ಹಾಕಿ ಮಷಿನ್ನಿನ ಪಕ್ಕ ನಿಲ್ಲುತ್ತೇನೆ. ನಾನು ಕೂಗುವುದು ಈಗ ಅಲ್ಲೊಂದೇ ಕಡೆ. ಅದನ್ನು ಮುಟ್ಟಿದರೆ ಸುಮ್ಮನಿರುವುದಿಲ್ಲ.