ಬಲಕ್ಕೆ ಹಾರುವ ತೋಟಾ

ಸಾರಕ್ಕಿ
12 ಜೂನ್ 2025, ಗುರುವಾರ

ನಮ್ಮ ರೈಫಲ್ ಸಂಘದ ಕಾರ್ಯದರ್ಶಿಗಳೂ, ಕಾಯಿದೆ ಪ್ರಕಾರ ಇನ್ನೂ ನನ್ನ ಯಜಮಾನರೂ ಆದ ರವಿಕುಮಾರ್ ಅವರಿಗೆ ಸುಧಾಮಣಿಯ ನಮಸ್ಕಾರ.

ನೀವು ಬನಶಂಕರಿಯಲ್ಲಿ ಅತ್ತೆಯವರ ಜೊತೆ ಚೆನ್ನಾಗಿದ್ದೀರಿ ಎಂದು ಕೇಳಿದೆ. ನಾನೂ ಚೆನ್ನಾಗಿದ್ದೇನೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು, ಇನ್ನು ಜಗಳ. ವಾಟ್ಸಾಪ್‌ನಲ್ಲಿ ಬರೆದರೆ ನೀವು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೀರಿ. ಕಾಗದವಾದರೆ ಹೆಬ್ಬೆಟ್ಟು ಒತ್ತುವವರೂ ಮೊದಲು ಓದಿಸಿಕೊಂಡೇ ಒತ್ತಬೇಕು.

ಭಾನುವಾರ ರೇಂಜಿನಲ್ಲಿ ನೀವೂ ಇದ್ದಿರಿ. ಆದರೂ ನಡೆದದ್ದನ್ನು ಹೇಳುತ್ತೇನೆ, ಏಕೆಂದರೆ ನೀವು ಇದ್ದಿರಿ, ನೋಡಲಿಲ್ಲ.

ಸಂಘಕ್ಕೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬರುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ಈಗಿರುವ ರೈಫಲ್‌ನಲ್ಲಿ ಗುಂಡು ಕೂರಿಸಲು ಎಳೆಯುವ ಬೋಲ್ಟ್ ಬಲಕ್ಕಿದೆ. ಎಡಗೈಯವಳಾದ ನಾನು ಒಂದೊಂದು ಗುಂಡಿಗೂ ಮೇಲಿನಿಂದ ಆಚೆಗೆ ಕೈ ಚಾಚಿ ಅದನ್ನು ಎಳೆದು, ಮತ್ತೆ ಹಿಡಿತ ಹೂಡಿ, ಉಸಿರು ಕಟ್ಟಿ ಹೊಡೆಯಬೇಕು. ಹೊಸದರಲ್ಲಿ ಆ ಕಾಟವಿಲ್ಲ. ಟ್ರಿಗರ್ ಎಳೆದರೆ ಗುಂಡು ಹೋಗುತ್ತದೆ, ಮುಂದಿನದು ತಾನಾಗಿ ಬಂದು ಕೂರುತ್ತದೆ. ಇನ್ನು ನಾನೂ ನಾಲ್ಕು ಜನರ ಹಾಗೆ ಹೊಡೆಯಬಹುದು ಅಂದುಕೊಂಡೆ.

ಅನುಮತಿ ಸಿಕ್ಕಿರುವುದು ಒಂದಕ್ಕೇ. ಆದ್ದರಿಂದ ಹೊಡೆದು ನೋಡಿ ಒಂದನ್ನು ಆರಿಸಲೆಂದು ಎರಡು ನಮೂನೆ ತರಿಸಿದಿರಿ. ಕರಿಯದು ಹಗುರ, ದುರ್ಬೀನು ಕೂರಿಸಲು ಸಲೀಸು, ಮ್ಯಾಗಜೀನ್ ಕ್ಷಣದಲ್ಲಿ ಸಿಕ್ಕಿಸಬಹುದು. ಮರದ ಹಿಡಿಯದು ಭಾರ, ಹಿಡಿಯೊಳಗಿನ ಕೊಳವೆಗೆ ತೋಟಾಗಳನ್ನು ಒಂದೊಂದಾಗಿ ಜಾರಿಸಬೇಕು. ಭಾರ್ಗವ ಸಾರ್ ಅಧ್ಯಕ್ಷರ ಗತ್ತಿನಲ್ಲಿ ಇದನ್ನೆಲ್ಲ ಓದಿದರು, ಸಮಿತಿಯ ಸುರಭಿ ಎರಡನ್ನೂ ಎತ್ತಿ ತೂಗಿ ನೋಡಿದಳು, ನೀವು ತಲೆ ಆಡಿಸಿದಿರಿ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ತೋಟಾ ಎಲ್ಲಿ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮರದ್ದರಲ್ಲಿ ಅದು ನೇರ ಕೆಳಗೆ ಬೀಳುತ್ತದೆ. ಕರಿಯದರಲ್ಲಿ ಬಲಕ್ಕೆ ಚಿಮ್ಮುತ್ತದೆ. ನಿಮಗೆಲ್ಲ ಬಲಕ್ಕೆ ಎಂದರೆ ಹೊರಗೆ. ಎಡಹೆಗಲಿಗೆ ಆನಿಸಿ ಹೊಡೆಯುವ ನನಗೆ ಬಲಕ್ಕೆ ಎಂದರೆ ನನ್ನ ಮೇಲೇ!

ನಮ್ಮಪ್ಪ ಒಂದು ಸಲ ಜೋಡಿ ಮುರಿದ ಎತ್ತಿಗೆ ಜೊತೆ ಹುಡುಕಿಕೊಂಡು ಹೋದಾಗ ನಾನೂ ಜೊತೆಗಿದ್ದೆ. ದಲ್ಲಾಳಿ ಬಾಯಿ ಬಿಡಿಸಿ ಹಲ್ಲು ತೋರಿಸಿದ, ಸುಳಿ ತೋರಿಸಿದ, ಬಾಲ ಎತ್ತಿ ತೋರಿಸಿದ. ಎಲ್ಲ ಮುಗಿದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: “ನೊಗದಲ್ಲಿ ಯಾವ ಕಡೆ ಕಟ್ತಿದ್ರಿ?” ಎಡಕ್ಕೆ ಅಂದ. ಮನೆಯಲ್ಲಿ ಉಳಿದಿದ್ದದ್ದೂ ಎಡದ ಎತ್ತೇ. ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ದಲ್ಲಾಳಿ ಹಿಂದಿನಿಂದ ಕೂಗಿದ, “ಎತ್ತು ಎತ್ತೇ ಅಲ್ವೇನಯ್ಯಾ, ಯಾವ ಕಡೆ ಆದ್ರೇನು?” ಅಪ್ಪ ತಿರುಗಿ ನೋಡದೆ, “ನಿಂಗೇನಪ್ಪಾ, ನೀನು ಎಳೀಬೇಕಾ?” ಅಂದರು. ನಿಮ್ಮ ಸಮಿತಿಯಲ್ಲಿ ಓದಿದವರು ತುಂಬಾ ಜನ ಇದ್ದಾರೆ. ಎತ್ತು ಕೊಂಡವರು ಒಬ್ಬರೂ ಇಲ್ಲ.

ಕರಿಯದರಲ್ಲಿ ಹೊಡೆಯಲು ನನ್ನ ಸರದಿ ಬಂದಾಗ ನಮ್ಮ ಸಂಘದ ಹುಡುಗ ದೀಪಕ್ ನಕ್ಕ. “ಮೇಡಂ, ಎಡಗೈಲಿ ಹೊಡೆದ್ರೆ ಗುಂಡು ಸಾರಕ್ಕಿ ಸಿಗ್ನಲ್ಲಿಗೆ ಹೋಗತ್ತೆ!” ನಾನೂ ನಕ್ಕೆ. “ಹೋಗ್ಲಿ ಬಿಡಪ್ಪಾ, ಹಂಗಾದ್ರೂ ಟ್ರಾಫಿಕ್ ಕ್ಲಿಯರ್ ಆಗತ್ತೆ” ಅಂದೆ. ಮೊದಲ ಗುಂಡಿಗೆ ಕೆನ್ನೆಗೆ ಮಸಿ. ಎರಡನೆಯದರ ತೋಟಾ ಕನ್ನಡಕಕ್ಕೆ ಬಡಿಯಿತು. ಮೂರನೆಯದು ಬಲಗೈ ಮಡಿಚಿದ ಜಾಗದಲ್ಲಿ ಬಂದು ಕೂತಿತು, ಒಲೆಯಿಂದ ತೆಗೆದ ಕೆಂಡದ ಹಾಗೆ. ಚರ್ಮ ಸುಡುತ್ತಿದೆ, ನಾನು ಅಲುಗಾಡುವಂತಿಲ್ಲ. ಗುಂಡು ತುಂಬಿದ ರೈಫಲ್ ಹಿಡಿದವರು ಏನೇ ಆದರೂ ಬೆಚ್ಚಿ ತಿರುಗಬಾರದು. ಅದನ್ನು ಕಲಿಸಿದವರು ನೀವೇ. ಹಲ್ಲು ಕಚ್ಚಿಕೊಂಡು ಉಳಿದವನ್ನೂ ಹೊಡೆದೆ, ರೈಫಲ್ ಖಾಲಿ ಮಾಡಿದೆ, ಕೆಳಗಿಟ್ಟೆ, ಆಮೇಲೆ ಕೈ ಬಿಡಿಸಿದೆ.

ಭಾರ್ಗವ ಸಾರ್ ಕೇಳಿದರು, “ಏನಮ್ಮಾ, ನಿಮಗೇನಾದ್ರೂ ತೊಂದ್ರೆ ಆಯ್ತಾ?”

ನಾನು, “ಇಲ್ಲ ಸಾರ್, ಪರವಾಗಿಲ್ಲ” ಅಂದೆ.

ಹೌದು, ಅಂದೆ. ಈಗ ನೀವು ಅದನ್ನೇ ಹಿಡಿದುಕೊಳ್ಳುತ್ತೀರಿ ಎಂದು ಗೊತ್ತು. “ನೀನೇ ಅಂದ್ಯಲ್ಲ ಸುಧಾ” ಅನ್ನುತ್ತೀರಿ. ಅಷ್ಟು ಜನರ ಮುಂದೆ, ನಕ್ಕವರ ಮುಂದೆ, ಇನ್ನೇನು ಅನ್ನಲಿ? ಭಾರ್ಗವ ಸಾರ್ ನಂಬಿದರು, ಸರಿ, ಅವರಿಗೆ ನಾನು ಯಾರು? ಸುರಭಿ ನಂಬಿದಳು, ಹೋಗಲಿ. ನೀವು ನಂಬಿದಿರಲ್ಲಾ! ನಂಬಿ, “ಎಲ್ಲರಿಗೂ ಒಪ್ಪಿಗೆ, ಕರಿಯದೇ ಇರ್ಲಿ” ಎಂದು ಬರೆದುಕೊಂಡಿರಲ್ಲಾ!

ನಾನು ಎಡಗೈಯಲ್ಲಿ ಒಗ್ಗರಣೆ ಹಾಕಿದರೆ ಅತ್ತೆಗೆ ಸಾರು ರುಚಿಸುತ್ತಿರಲಿಲ್ಲ. ಆಗ, “ಅಮ್ಮಾ, ಸಾಸಿವೆಗೆ ಯಾವ ಕೈ ಅಂತ ಗೊತ್ತಾಗತ್ತಾ?” ಎಂದು ಎರಡನೇ ಸಲ ಬಡಿಸಿಕೊಂಡವರು ನೀವು. ಜಯನಗರ ನಾಲ್ಕನೇ ಬ್ಲಾಕ್ ಎಲ್ಲ ಸುತ್ತಿ ಎಡಗೈ ಕತ್ತರಿ ಹುಡುಕಿ ತಂದವರು ನೀವು. ಮದುವೆ ಮನೆಗಳಲ್ಲಿ ನನ್ನ ಮೊಣಕೈ ಯಾರಿಗೂ ತಗುಲದಿರಲಿ ಎಂದು ಓಡಿಹೋಗಿ ಪಂಕ್ತಿಯ ಎಡತುದಿಯ ಎಲೆ ಹಿಡಿಯುತ್ತಿದ್ದವರು ನೀವು. ಈ ಊರಿನಲ್ಲಿ ನನ್ನ ಕೈ ಯಾವುದೆಂದು ಹೇಳದೆಯೂ ಗೊತ್ತಿದ್ದವರು ಒಬ್ಬರೇ. ಅವರೂ ಭಾನುವಾರ ಮರೆತರು. ತೋಟಾದ ಬಿಸಿ ಆರಿತು. ಇದು ಆರಿಲ್ಲ.

ಈಗ ಕೆಲಸದ ಮಾತು. ಸೋಮವಾರ ಆರ್ಡರ್ ಕೊಡುತ್ತೀರಂತೆ. ಅದಕ್ಕೆ ಮೊದಲು ಸಮಿತಿಯನ್ನು ಕರೆಯಿರಿ. ನನಗೆ ತೊಂದರೆಯಾಯಿತು, ಕೈ ಸುಟ್ಟಿತು, ಕರಿಯದು ಬೇಡ. ಬಲಗೈಯವರು ಮರದ್ದರಲ್ಲೂ ಹೊಡೆಯಬಹುದು, ತೋಟಾ ತುಂಬಲು ನಾಲ್ಕು ಗಳಿಗೆ ಹೆಚ್ಚು ಹಿಡಿಯುತ್ತದೆ ಅಷ್ಟೇ. ನಾನು ಕರಿಯದರಲ್ಲಿ ಹೊಡೆಯಲಾರೆ. ಒಬ್ಬಳಿಗಾಗಿ ಇಡೀ ಸಂಘವೇ ಎಂದು ಯಾರಾದರೂ ಕೇಳಿದರೆ, ಆ ಒಬ್ಬಳು ಸಂಘ ಬಿಡುತ್ತಾಳಂತೆ ಎಂದು ಹೇಳಿ. ಬಿಡುವುದು ನನಗೆ ಸುಲಭವಲ್ಲ. ವಾರಕ್ಕೊಮ್ಮೆ ನಾನು ಹೋಗುವ ಜಾಗ ಅದೊಂದೇ, ಅಲ್ಲಿ ಯಾರು ಯಾರು ಬರುತ್ತಾರೆಂಬುದು ನಿಮಗೂ ಗೊತ್ತು. ಆದರೂ ಬಿಡುತ್ತೇನೆ.

ಅತ್ತೆಯವರ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ. ಅದಕ್ಕೂ ಈ ಜಗಳಕ್ಕೂ ಸಂಬಂಧವಿಲ್ಲ.

ಇಂತಿ, ಯಾವ ಕೈಯಲ್ಲಿ ಬರೆದೆನೆಂದು ನಿಮಗೆ ಹೇಳಬೇಕಾಗಿಲ್ಲದ,
ಸುಧಾಮಣಿ

ತಾ.ಕ.: ಹೋದ ವರ್ಷ ಏಪ್ರಿಲ್‌ನಲ್ಲಿ ನೀವು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, “ಅಮ್ಮನ ಹತ್ರ ಸ್ವಲ್ಪ ದಿನ ಇದ್ದು ಬರ್ತೀನಿ, ನಿಂಗೆ ತೊಂದ್ರೆ ಇಲ್ವಲ್ಲ?” ಎಂದು ಕೇಳಿದಿರಿ. “ಇಲ್ಲ, ಪರವಾಗಿಲ್ಲ, ಹೋಗಿ” ಅಂದೆ. ನನ್ನ ಆಕ್ಷೇಪವನ್ನು ಬರೆದುಕೊಳ್ಳುವಾಗ ಅದನ್ನೂ ಸೇರಿಸಿಕೊಳ್ಳಿ.