ಬಾಗಿಲ ಮೇಲಿನ ‘ಓಗು’

ಕಳಲೆ
೧೨-೧-೨೦೦೩

ಮಲ್ಲೇಶ,

ಸಿಟ್ಟಿನಲ್ಲೇ ಬರೆಯುತ್ತಿದ್ದೀನಿ. ನಿಮ್ಮ ಕಾಲೇಜಿಗೆ ಕನ್ನಡ ಕಲಿಯಲು ಬಂದವಳು, ಹಬ್ಬಕ್ಕೆ ನೀನೇ ಕರೆತಂದಿದ್ದ ಆ ಯಹೂದಿ ಹುಡುಗಿ ರೂತ್, ನಿನ್ನೆ ಒಬ್ಬಳೇ ಮನೆಗೆ ಬಂದಿದ್ದಳು. ಅವಳ ರೂಮಿನ ಬಾಗಿಲ ಮೇಲೆ ಯಾರೋ ‘ಯವೂದಿ ಓಗು’ ಎಂದು ಗೀಚಿದ್ದಾರಂತೆ. “ತಾತ, ಓಗು ಡಿಕ್ಷನರಿಯಲ್ಲಿ ಇಲ್ಲ, ಏನರ್ಥ?” ಅಂದಳು. ‘ಆಮೇಲೆ ಹೇಳ್ತೀನಿ’ ಅಂದು ಬಸ್ಸು ಹತ್ತಿಸಿದೆ ಕಣೋ.

ನಾನು ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟವನು. ಆದರೂ ‘ಹ’ ನುಂಗಿ ಬರೆಯುವವರು ನಮ್ಮ ಕಡೆಯವರೇ ಅಂತ ಗೊತ್ತು. ಹೋದ ಸಲದ ನಿನ್ನ ಕಾಗದದಲ್ಲೂ ‘ಲೋಕವೆಲ್ಲ ಯವೂದಿಗಳ ಕೈಲಿದೆ’ ಅಂತಿದೆ. ಯಹೂದಿಗಳ ದೇಶದ ಕಡೆ ಎಲ್ಲೋ ಯುದ್ಧವಾದರೆ ಅದಕ್ಕೆ ಈ ಹುಡುಗಿ ಏನ್ಲಾ ಮಾಡಿದಳು?

ಬರೋ ಭಾನುವಾರ ಅವಳನ್ನು ಊಟಕ್ಕೆ ಕರೆದಿದ್ದೀನಿ. ನೀನೂ ಬಾ. ಆ ಮಾತಿನ ಅರ್ಥವನ್ನು ಅವಳ ಮುಖ ನೋಡಿ ನೀನೇ ಹೇಳು. ಬರದಿದ್ದರೆ, ಗೀಚಿದವನು ಯಾರು ಅಂತ ನಾನು ಅವಳಿಗೆ ಹೇಳುತ್ತೀನಿ.

ನಿನ್ನ ತಾತ,
ಗುರುಮಲ್ಲಪ್ಪ